ತಂಬಾಕಿನ ಮನೆಯ ಟೊಮೆಟೊ

ವಾರಪತ್ರಿಕೆಗಳ ಕೈತೋಟದ ಪುಟದಲ್ಲಿ ಗಿಡ ಸಾಯುವುದಿಲ್ಲ. ಎಂಬತ್ತರ ದಶಕದಿಂದ ನಾನು ಓದಿಕೊಂಡು ಬಂದ ಅಷ್ಟೂ ಪುಟಗಳಲ್ಲಿ ಒಂದೇ ಒಂದು ಬದನೆ ಸಸಿ ಬಾಡಿದ್ದು ನೆನಪಿಲ್ಲ. ಮೇಲುಗಡೆ ಒಂದು ರೇಖಾಚಿತ್ರ: ಸೆರಗು ಸಿಕ್ಕಿಸಿಕೊಂಡು ಗಿಡಕ್ಕೆ ನೀರು ಹಾಕುತ್ತಿರುವ ಗೃಹಿಣಿ, ಸೀರೆಗೆ ಒಂದು ಹನಿ ಕೆಸರಿಲ್ಲ. ಕೆಳಗೆ, ಬಿಡುವಿನ ವೇಳೆಯಲ್ಲಿ ಏನೇನು ಬೆಳೆಯಬಹುದು ಎಂಬ ಉಪದೇಶ. ಬರೆದವರ ಹಿತ್ತಲು ಎಲ್ಲಿತ್ತೋ, ಇತ್ತೋ ಇಲ್ಲವೋ ಎಂದು ನನಗೆ ಈಗಲೂ ಸಂಶಯ.

ನಮ್ಮ ಮನೆಯಲ್ಲಿ ಆ ಪುಟವನ್ನು ನಂಬಿದವಳು ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಐನಾಪುರದ ಹುಡುಗಿ. ನಿಪ್ಪಾಣಿಯ ನಮ್ಮ ಮನೆಗೆ ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಟೊಮೆಟೊ, ಮೆಣಸಿನಕಾಯಿ, ಅವರೆ ಬೀಜದ ಗಂಟುಗಳಿದ್ದವು. ನಮ್ಮದು ತಂಬಾಕಿನ ವ್ಯಾಪಾರದ ಮನೆ. ಹಿತ್ತಲಿಗೆ ಹೊಂದಿಕೊಂಡೇ ವಖಾರಿ; ತಂಬಾಕಿನ ಚೀಲಗಳನ್ನು ಸೂರಿನವರೆಗೆ ಪೇರಿಸಿಡುವ ಉಗ್ರಾಣ ಅದು. ಅದರ ಘಾಟು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಯಾರಾದರೂ ನೆಂಟರು ಬಂದು ಸೀನಿದಾಗಷ್ಟೇ ನೆನಪಾಗುತ್ತಿತ್ತು.

ಮೊದಲ ವರ್ಷ ಕಾಕುವಿನ ಟೊಮೆಟೊ ಮೊಣಕಾಲೆತ್ತರ ಚೆನ್ನಾಗಿ ಬಂದವು. ಆಮೇಲೆ ಎಲೆಗಳ ಮೇಲೆ ಹಳದಿ ಹಳದಿ ಮಚ್ಚೆ ಎದ್ದವು, ಎಲೆ ಮುರುಟಿಕೊಂಡವು, ಹಿಡಿದ ಕಾಯಿ ಗೋಲಿಯಷ್ಟಾಗಿ ನಿಂತುಬಿಟ್ಟವು. ಮೆಣಸಿನ ಗಿಡಕ್ಕೂ ಅದೇ ಗತಿ. ಮುಂದಿನ ವರ್ಷವೂ ಹಾಗೇ ಆಯಿತು, ಅದರ ಮುಂದಿನ ವರ್ಷವೂ. ಅದೇ ಬೀಜ ಐನಾಪುರದಲ್ಲಿ ಅವಳ ತಾಯಿಯ ಹಿತ್ತಲಿನಲ್ಲಿ ಬುಟ್ಟಿಗಟ್ಟಲೆ ಕಾಯಿ ಬಿಡುತ್ತಿತ್ತು. ಅಲ್ಲಿಗೆ ಬೀಜದ ತಪ್ಪಲ್ಲ ಎಂದಾಯಿತು. ನಮ್ಮದೇ ಹಿತ್ತಲಿನಲ್ಲಿ ಹೀರೆಬಳ್ಳಿ ಚಪ್ಪರ ಮೀರಿ ಹಬ್ಬುತ್ತಿದ್ದರಿಂದ ಮಣ್ಣು, ನೀರಿನ ತಪ್ಪೂ ಅಲ್ಲ. ಉಳಿದದ್ದು ನೆಟ್ಟವಳ ಕೈ.

ಹಾಗೆಂದು ತೀರ್ಪು ಕೊಟ್ಟವಳು ನನ್ನ ಅಪ್ಪನ ತಾಯಿ. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಸೊಂಟದಲ್ಲಿ ತಂಬಾಕಿನ ಚಂಚಿ, ಅಂಗೈಯಲ್ಲಿ ಸದಾ ಸುಣ್ಣ ತಂಬಾಕು ತಿಕ್ಕುವ ಹೆಬ್ಬೆರಳು. ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದರೆ ಅದೇ ಬೆರಳುಗಳಿಂದ ಟೊಮೆಟೊ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುವಳು, ಲೊಚಗುಟ್ಟುವಳು. "ಕೈಗುಣ ಅನ್ನೂದು ಹುಟ್ಟಿನಿಂದನ ಬರತೈತಿ. ಪುಸ್ತಕ ಓದಿದ್ರ ಬರಾಂಗಿಲ್ಲ" ಎಂದು ಯಾರಿಗೋ ಹೇಳುವಂತೆ ಹೇಳುವಳು.

ಕೈಗುಣದ ಮಾತು ಟೊಮೆಟೊಗೆ ನಿಲ್ಲುವಂಥದ್ದಲ್ಲ. ಮದುವೆಯಾಗಿ ವರ್ಷಗಳಾದರೂ ಕಾಕುವಿಗೆ ಮಕ್ಕಳಾಗಿರಲಿಲ್ಲ. ಮೊದಲು ಉಪ್ಪಿನಕಾಯಿ ಹಾಕುವ ಕೆಲಸದಿಂದ ಅವಳನ್ನು ದೂರ ಇಟ್ಟರು. ಹೊಲದಲ್ಲಿ ಸಸಿ ಹಚ್ಚುವ ದಿನ ಬುತ್ತಿ ತಂದರೆ ಸಾಕು ಎಂದರು. ನನ್ನ ತಮ್ಮ ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ತೊಟ್ಟಿಲು ತೂಗುತ್ತಿದ್ದಾಗ, ಹೋಳಿಗೆ ಹೊತ್ತುತ್ತದೆ ನೋಡು ಹೋಗು ಎಂದು ಆಯಿ ಅವಳನ್ನು ಅಡುಗೆಮನೆಗೆ ಕಳಿಸಿದಳು. ಹೋಳಿಗೆ ನೋಡಿಕೊಳ್ಳಲು ಅಲ್ಲಿ ಮೂರು ಜನ ಇದ್ದರು. ನನಗೆ ಆಯಿಯ ಮೇಲೆ ಸಿಟ್ಟು ಬಂತು, ನಿಜ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಕಾಕುವಿನ ಮೇಲೆ, ಯಾಕೆಂದರೆ ಅವಳೂ ಅದನ್ನು ನಂಬತೊಡಗಿದ್ದಳು. ನನ್ನ ಅವ್ವ ಒಂದು ನಿಮಿಷ ಕೂಸನ್ನು ಹಿಡಿ ಎಂದರೆ ಕೈ ಒದ್ದೆಯಾಗಿದೆ ಎಂದು ತಿರುಗಿಬಿಡುವಳು. ಕೈ ಒದ್ದೆ ಇರುತ್ತಿರಲಿಲ್ಲ.

ಇಷ್ಟಾದರೂ ಕೈತೋಟದ ಪುಟವನ್ನು ಅವಳು ಬಿಡಲಿಲ್ಲ. ಯಾಕೆಂದು ಈಗ ಯೋಚಿಸಿದರೆ ಅರ್ಥವಾಗುತ್ತದೆ. ಆ ಮನೆಯಲ್ಲಿ ಅವಳನ್ನು ಬಿಟ್ಟು ಬೇರೆ ಏನನ್ನಾದರೂ ದೂರುತ್ತಿದ್ದದ್ದು ಆ ಒಂದು ಪುಟ ಮಾತ್ರ. ಅದು ಮಣ್ಣನ್ನು ದೂರುತ್ತಿತ್ತು, ಬಿಸಿಲನ್ನು ದೂರುತ್ತಿತ್ತು, ಎಲೆಗೆ ಹತ್ತುವ ಹೇನನ್ನು ದೂರುತ್ತಿತ್ತು. ಹೇನಿಗೆ ಅದು ಹೇಳಿದ ಔಷಧಿ ತಂಬಾಕಿನ ನೀರು. ರಾತ್ರಿ ತಂಬಾಕು ನೆನೆಹಾಕಿ ಬೆಳಿಗ್ಗೆ ಸೋಸಿ ಚಿಮುಕಿಸಿ ಎಂದು ಆಗಿನ ಎಲ್ಲ ಪತ್ರಿಕೆಗಳೂ ಒಂದರ ಬಾಯಿಂದ ಒಂದು ಕೇಳಿಸಿಕೊಂಡಂತೆ ಬರೆಯುತ್ತಿದ್ದವು. ಬೇರೆ ಊರಿನ ಓದುಗರು ಅಂಗಡಿಯಿಂದ ಒಂದು ಚಿಟಿಕೆ ತರಬೇಕಾಗಿತ್ತೇನೋ. ನಮಗೇನು ಕೊರತೆ? ವಖಾರಿಯ ಕಸ ಗುಡಿಸಿದರೆ ಬುಟ್ಟಿ ತುಂಬುತ್ತಿತ್ತು. ಕಾಕು ಬಕೆಟ್ಟಿನಿಂದಲೇ ಸುರಿದಳು. ಹೇನು ಸತ್ತವು. ಎಲೆಗಳು ಮತ್ತಷ್ಟು ಮುರುಟಿದವು.

ತೊಂಬತ್ತರ ದಶಕ ಬಂದಾಗ ಪತ್ರಿಕೆಗಳ ಕಾಗದ ನುಣುಪಾಯಿತು, ಚಿತ್ರಕ್ಕೆ ಬಣ್ಣ ಬಂತು. ಪಾತ್ರೆ ತೊಳೆದ ನೀರನ್ನು ಬಾಳೆಗೆ ಬಿಡಿ, ಡಾಲ್ಡಾ ಡಬ್ಬಿಯಲ್ಲಿ ಕೊತ್ತಂಬರಿ ಹಾಕಿ ಎನ್ನುತ್ತಿದ್ದ ಪುಟ ಈಗ ಕಳ್ಳಿ, ಕ್ರೋಟನ್, ಬಾಟಲಿಯೊಳಗಿನ ಮನಿಪ್ಲಾಂಟ್ ತೋರಿಸತೊಡಗಿತು. ತರಕಾರಿ ಸದ್ದಿಲ್ಲದೆ ಹೊರಗೆ ಹೋಯಿತು. ಮೊದಲು ಹೇಳಿದ್ದು ತಪ್ಪಾಗಿತ್ತು ಎಂದು ಹೇಳುವ ಅಭ್ಯಾಸ ಆ ಪುಟಕ್ಕೆ ಯಾವಾಗಲೂ ಇರಲಿಲ್ಲ. ಹಳೆಯ ಸಂಚಿಕೆಗಳು ರದ್ದಿಗೆ ಹೋಗಿ ಶೇಂಗಾ ಕಟ್ಟುವ ಪೊಟ್ಟಣವಾಗುತ್ತಿದ್ದವು, ಹಾಗಾಗಿ ಕೇಳುವವರೂ ಇರಲಿಲ್ಲ.

ಕನ್ನಡ ಪತ್ರಿಕೆ ನಮಗೆ ಬೆಳಗಾವಿಯ ಬಸ್ಸಿನಲ್ಲಿ ಬರುತ್ತಿತ್ತು, ಮರಾಠಿಯದು ಕೊಲ್ಹಾಪುರದ ಬಸ್ಸಿನಲ್ಲಿ. ಒಂದು ದೀಪಾವಳಿಯ ಮರುವಾರ ಪಕ್ಕದ ಮನೆಯಿಂದ ಮರಾಠಿಯ ದೀಪಾವಳಿ ಸಂಚಿಕೆ ಬಂದಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಕಾಕು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆಯಿ ಕಂಬಕ್ಕೆ ಒರಗಿ ತಂಬಾಕು ತಿಕ್ಕುತ್ತಿದ್ದಳು. ಹೈಸ್ಕೂಲು ಮುಗಿಸುತ್ತಿದ್ದ ನಾನು ಕೈತೋಟದ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದೆ. ಮರಾಠಿ ಮೂವರಿಗೂ ಗೊತ್ತು, ಅನುವಾದದ ಗೊಡವೆ ಇರಲಿಲ್ಲ. ಪುಟದ ಅಡಿಯಲ್ಲಿ ಸಣ್ಣ ಚೌಕದೊಳಗೆ ಬರೆದಿತ್ತು: ಟೊಮೆಟೊ, ಮೆಣಸಿನ ಎಲೆಗೆ ಮಚ್ಚೆ ಬಂದು ಮುರುಟುವ ರೋಗ ತಂಬಾಕಿನಿಂದಲೂ ಹರಡುತ್ತದೆ. ತಂಬಾಕು ಮುಟ್ಟುವವರು, ತಿನ್ನುವವರು ಸಾಬೂನಿನಿಂದ ಕೈ ತೊಳೆಯದೆ ಸಸಿ ಮುಟ್ಟಬಾರದು. ಈ ಗಿಡಗಳಿಗೆ ತಂಬಾಕಿನ ನೀರು ಹಾಕಲೇಬಾರದು.

ನಾನು ಓದುವ ಓಟದಲ್ಲಿ ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೆ. ಸೊಪ್ಪು ಬಿಡಿಸುವ ಸದ್ದು ನಿಂತದ್ದು ಆಮೇಲೆ ಗೊತ್ತಾಯಿತು. ಅರ್ಥವಾದ ಕೂಡಲೇ ನನಗೆ ಕುಣಿಯುವಷ್ಟು ಸಂತೋಷವಾಯಿತು. ಈಗ ಹೇಳು ನೋಡೋಣ ಎಂಬಂತೆ ಆಯಿಯ ಕಡೆ ತಿರುಗಿದೆ.

ಆಯಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಮತ್ತೊಮ್ಮೆ ಓದು ಎಂದಳು. ಓದಿದೆ. ನನ್ನನ್ನು ಬಿಟ್ಟು ಕಾಕುವನ್ನು ನೋಡಿ ಮಾತಾಡಿದಳು.

"ನಿನ್ನ ಗಂಡ ಹುಟ್ಟೂಕಿಂತ ಮೊದಲ ನನ್ನ ಎರಡು ಕೂಸು ತೀರಿ ಹೋಗ್ಯಾವ. ನಾನ ನೀರ ಎರೀತಿದ್ದೆ, ನಾನ ತಟ್ಟಿ ಮಲಗಸ್ತಿದ್ದೆ." ಅಂಗೈ ಚಾಚಿ ಕೇಳಿದಳು, "ಹಂಗಾರ ಅವೂ ಈ ಕೈಯಿಂದನ ಹೋದುವೇನ?"

ಅಂಥ ಕೂಸುಗಳಿದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಕಾಕುವಿನ ಮುಖ ನೋಡಿದರೆ ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಮೇಲಿದ್ದ ಮಾತು ಈಗ ತಾನಾಗಿಯೇ ಇನ್ನೊಬ್ಬರ ಮೇಲೆ ಹೋಗಿ ಕೂತಿತ್ತು. ಅವಳು ಸುಮ್ಮನಿದ್ದರೆ ಸಾಕಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ.

ಕಾಕು ಎದ್ದು ಬಂದು ಆಯಿಯ ಎದುರು ಕೂತಳು. ತಂಬಾಕು ಇದ್ದ ಆ ಕೈಯನ್ನು ಹಾಗೇ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ರಿ ಅತ್ತಿ. ಇದು ಗಿಡಕ್ಕಷ್ಟ ಹತ್ತೂದ್ರಿ. ನಾನೂ ಬಕೇಟಗಟ್ಟಲೆ ತಂಬಾಕಿನ ನೀರು ಸುರದೀನಿ" ಎಂದಳು. ಆಮೇಲೆ ತನಗೂ ಕೇಳಿಸಲಿ ಎಂಬಂತೆ ನಿಧಾನವಾಗಿ ಹೇಳಿದಳು, "ಕೈಯಿಂದ ಕೂಸು ಹೋಗೂದಿಲ್ರಿ. ಕೂಸು ಆಗದ ಇರೂದೂ ಕೈಯಿಂದ ಅಲ್ರಿ."

ಆಯಿ ಕೈ ಬಿಡಿಸಿಕೊಳ್ಳಲಿಲ್ಲ. ಆ ಎರಡು ಕೂಸುಗಳ ಹೆಸರನ್ನು ಅವಳಿಗೆ ಹೇಳಿದಳು.