ತವರಿಗೆ ಹೊರಟ ಬಣ್ಣದ ಕೆಸು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶನಿವಾರ ಬೆಳಿಗ್ಗೆ ಪಂಚನಹಳ್ಳಿಯಲ್ಲಿ ಕಡೂರಿನ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲಿದ್ದ ಗಿಡ ಖೋಟಾ. ಹೋದ ವರ್ಷ ಅಜ್ಜಂಪುರದ ಗಿರಿಜಮ್ಮ ಕೊಟ್ಟ ಗಿಡವನ್ನು ನಾನು ಚಳಿಗಾಲದಲ್ಲೇ ಕಳೆದುಕೊಂಡಿದ್ದೆ. ಇದು ಅದೇ ಬಣ್ಣದ್ದು, ಹೋದ ತಿಂಗಳು ಬೀರೂರು ರಸ್ತೆಯ ನರ್ಸರಿಯೊಂದರಲ್ಲಿ ನೂರೈವತ್ತು ರೂಪಾಯಿಗೆ ಕೊಂಡದ್ದು. ಹಳೆಯದಾಗಿ ಕಾಣಲೆಂದು ಕುಂಡಕ್ಕೆ ಮೊಸರು ಬಳಿದು ಪಾಚಿಯನ್ನೂ ಕಟ್ಟಿಸಿದ್ದೆ. ಇಷ್ಟು ಶ್ರದ್ಧೆಯನ್ನು ಮೊದಲಿನ ಗಿಡಕ್ಕೇ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕ್ಯಾಲಾಡಿಯಂ ಎಂದರೆ ಎಲೆಯ ಅಂದಕ್ಕಾಗಿ ನೆರಳಲ್ಲಿ ಬೆಳೆಸುವ ಗಿಡ. ನಮ್ಮ ಬಾಯಲ್ಲಿ ಬಣ್ಣದ ಕೆಸು. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಇದರ ಹುಚ್ಚು ಹಿಡಿದ ಹದಿನೆಂಟು ಮಂದಿ ಪ್ರತಿ ಮಳೆಗಾಲ ಎರಡು ದಿನ ಕೂಡಿ ಒಬ್ಬರ ಕೈತೋಟವನ್ನು ಇನ್ನೊಬ್ಬರು ನೋಡುತ್ತೇವೆ. ಹಿಂದಿನ ವರ್ಷ ಪಡೆದ ಗಿಡವನ್ನು ಕೊಟ್ಟವರ ಮನೆಗೆ ಒಯ್ದು ತೋರಿಸಬೇಕೆಂಬುದು ಕಟ್ಟಳೆ. ಅದಕ್ಕೆ ‘ತವರಿಗೆ ಕರೆತರುವುದು’ ಎನ್ನುತ್ತೇವೆ. ಗಿರಿಜಮ್ಮನಿಂದ ಕೆಂಪು ಗಿಡ ಪಡೆದವರು ಇಬ್ಬರೇ: ನಾನು ಮತ್ತು ತರೀಕೆರೆಯ ಲೋಕೇಶ. ಚೆನ್ನಾಗಿ ಸಾಕಿದವನಿಗೆ ಈ ಸಲ ಬಿಳಿ ಎಲೆಯ ಅಪರೂಪದ ಗೆಡ್ಡೆ ಕೊಡುವುದಾಗಿ ಆಕೆ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಾರಿದ್ದರು. ಇರುವುದು ಒಂದೇ ಗೆಡ್ಡೆ. ಅದು ನನಗೆ ಬೇಕಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಲೋಕೇಶನಿಗೆ ಸಿಗಬಾರದಿತ್ತು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನಾನು ನಲವತ್ತು ಚಿಲ್ಲರೆ ತೆತ್ತೆ. ಪಕ್ಕದ ಅಜ್ಜಿ ಎಲೆ ಮುಟ್ಟಿ ನೋಡಿದಳು. “ಸಾರಿಗಾ ಕಣಪ್ಪಾ?”

“ಅಲ್ಲ ಕಣಜ್ಜೀ, ನೋಡಕ್ಕೆ.”

“ಸುಮ್ನೆ ನೋಡಕ್ಕೆ ಕೆಸು ಹೊತ್ಕೊಂಡು ಹೊಂಟಿದೀಯಾ? ಮದುವೆ ಆಗಿಲ್ಲ ಅನ್ಸುತ್ತೆ.”

ಕಡೂರಿನಲ್ಲಿ ನಿವೃತ್ತ ಮೇಷ್ಟ್ರ ತಾರಸಿ ನೋಡಿದೆವು. ಹಸಿರು ಪರದೆಯ ಕೆಳಗೆ ಕುಂಡಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲುಗಟ್ಟಿದ್ದವು. ಅರವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸುವುದು ಬಿಟ್ಟೆ. ಸಿಟ್ಟನ್ನು ಅವರ ಮನೆಯ ಕೇಸರಿಬಾತಿನ ಮೇಲೆ ತೀರಿಸಿಕೊಂಡೆ. ಮಧ್ಯಾಹ್ನ ಬಾಡಿಗೆ ಟೆಂಪೋದಲ್ಲಿ ತರೀಕೆರೆಗೆ ಹೊರಟಾಗ ಮೇಷ್ಟ್ರ ಮೂಗಿನ ದನಿಯನ್ನು ಅನುಕರಿಸಿ, “ಗಿಡಕ್ಕೆ ನೀರು ಕುಡಿಸ್ಬೇಕು, ಈಜು ಕಲಿಸ್ಬಾರ್ದು” ಎಂದೆ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಸ್ವಲ್ಪ ತಡವಾಗಿ. ಕೊನೆಗೆ ನನ್ನನ್ನೇ ಅನುಕರಿಸಿ ತೋರಿಸಿದೆ: ಬೇರೆಯವರ ಗಿಡ ಹೊಗಳುತ್ತ ಹಲ್ಲು ಕಡಿಯುವವನು. ಅದಕ್ಕೆ ಚಪ್ಪಾಳೆ ಬಿತ್ತು.

ಲೋಕೇಶ ಮೊಬೈಲ್ ರಿಪೇರಿ ಅಂಗಡಿಯವನು. ಅವನ ಕೆಂಪು ಗಿಡ ಹಿತ್ತಲಿನ ಸೀಬೆ ಮರದ ಕೆಳಗಿತ್ತು. ಒಂದೊಂದು ಎಲೆ ಊಟದ ತಟ್ಟೆಯಷ್ಟಿತ್ತು. ಒಂದಾದರೂ ಹುಳು ತಿಂದ ತೂತು ಸಿಗಲೆಂದು ಕೆಳಗೆಲ್ಲ ಬಗ್ಗಿ ಹುಡುಕಿದೆ. ಸಿಗಲಿಲ್ಲ. ಅವನು ನನ್ನ ಕುಂಡ ನೋಡಿ, “ನಿಂದೂ ಸಕತ್ತಾಗಿದೆ ಕಣೋ” ಎಂದ. ವ್ಯಂಗ್ಯವಾಗಿ ಅಂದಿದ್ದರೆ ಸಹಿಸಬಹುದಿತ್ತು. ಪಾಪಿ ಮನಸಾರೆ ಅಂದ. ರಾತ್ರಿ ಅವನ ಮನೆಯಲ್ಲೇ ಉಳಿದು, ಅವನ ತಾಯಿ ಹಾಕಿದ ಅಕ್ಕಿರೊಟ್ಟಿ ನಾಲ್ಕು ತಿಂದೆ.

ಭಾನುವಾರ ಜಿಟಿಜಿಟಿ ಮಳೆಯಲ್ಲಿ ಅಜ್ಜಂಪುರ ತಲುಪಿದೆವು. ಗಿರಿಜಮ್ಮ ಬುಕ್ಕಾಂಬುಧಿಯ ಸುತ್ತಮುತ್ತ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸಮ್ಮ. ಜಗಲಿಯ ಬೆಂಚಿನ ಮೇಲೆ ಎರಡು ಕುಂಡಗಳನ್ನೂ ಅಕ್ಕಪಕ್ಕ ಇಡಿಸಿ ಕನ್ನಡಕ ಏರಿಸಿದರು.

“ಲೋಕೇಶಪ್ಪಾ, ನಿಂದು ಯಾವಾಗ ಮಲಗ್ತು?”

“ಕಾರ್ತೀಕ ಮುಗೀತಿದ್ದಂಗೆ ಎಲೆ ಎಲ್ಲಾ ಉದ್ರೋಯ್ತಮ್ಮ. ನೀರು ನಿಲ್ಸಿ ಕುಂಡಾನ ಮಂಚದ ಕೆಳಗೆ ಇಟ್ಟಿದ್ದೆ.”

ಅವನ ಗಿಡವೂ ಬೋಳಾಗಿತ್ತು! ಇಂಥ ಅವಕಾಶ ಮತ್ತೆ ಸಿಗದೆಂದು ಮುಂದೆ ನುಗ್ಗಿದೆ. “ನಂದು ಒಂದೇ ಒಂದು ಎಲೆ ಉದುರಿಸ್ಲಿಲ್ಲಮ್ಮ. ಆ ಚಳೀಲೂ ಹಿಂಗೇ ನಿಗಿನಿಗಿ ಅಂತಿತ್ತು.”

ಮೇಷ್ಟ್ರು ಚಹಾದ ಲೋಟದೊಳಗೆ ಇಣುಕಿದರು.

“ಬಣ್ಣದ ಕೆಸು ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತೆ ಕಣೋ,” ಎಂದರು ಗಿರಿಜಮ್ಮ, ದನಿ ಏರಿಸದೆ. “ಗೆಡ್ಡೆ ಮಣ್ಣೊಳಗೆ ಜೀವ ಹಿಡ್ಕೊಂಡಿರುತ್ತೆ. ಎಲ್ಲಾರ್ದೂ ಮಲಗುತ್ತೆ. ನಿಂದೊಂದೇ ಎದ್ದು ಕಾವಲು ಕಾಯ್ತಿತ್ತಾ?”

ನೂರು ಜನರ ದನಿ ಅನುಕರಿಸುವ ನಾನು ಆಗ ನನ್ನದೇ ದನಿಯಲ್ಲಿ ಒಪ್ಪಿಕೊಂಡೆ. “ಎಲೆ ಬಿದ್ದೋಯ್ತಮ್ಮ. ಸತ್ತೋಯ್ತು ಅಂದ್ಕೊಂಡೆ. ಇದು ನರ್ಸರೀದು.”

“ಗೆಡ್ಡೆ ಅಗೆದು ನೋಡ್ದಾ?”

“ಇಲ್ಲ.”

“ಕುಂಡದ ಮಣ್ಣು?”

“ಹಿತ್ತಲಾಚೆ ತಿಪ್ಪೆಗೆ ಸುರಿದೆ.”

ಹದಿನೇಳು ಮಂದಿಯೂ ನಕ್ಕರು. ಎಲ್ಲರಿಗಿಂತ ಕಡಿಮೆ ನಕ್ಕವನು ಲೋಕೇಶ. ಅದೂ ನನಗೆ ಚುಚ್ಚಿತು. ಗಿರಿಜಮ್ಮ ಪೇಪರಿನಲ್ಲಿ ಸುತ್ತಿದ ಬಿಳಿಯ ಗೆಡ್ಡೆಯನ್ನು ಅವನ ಅಂಗೈಯಲ್ಲಿಟ್ಟು, ಹಸುಗೂಸನ್ನು ಒಪ್ಪಿಸುವವರಂತೆ ಅವನ ಬೆರಳು ಮಡಿಸಿದರು. ನೋಡಲಾಗಲಿಲ್ಲ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: “ಹಂಗಾದ್ರೆ ನಂಗೇನೂ ಇಲ್ವಾ ಅಮ್ಮಾ?”

“ಯಾಕಿಲ್ಲ? ನಿಮ್ಮನೆ ತಿಪ್ಪೇಲಿ ಇದೆ. ಮಳೆ ಹಿಡಿದು ತಿಂಗಳಾಯ್ತು, ಗೊಬ್ಬರಾನೂ ತಿಂದಿದೆ. ಇಷ್ಟೊತ್ತಿಗೆ ಲೋಕೇಶನ ಗಿಡಕ್ಕಿಂತ ಜೋರಾಗಿ ಎದ್ದಿರುತ್ತೆ. ಹೋಗಿ ಅದರ ಮೇಲೂ ಹೊಟ್ಟೆಕಿಚ್ಚು ಪಡು, ಹೋಗು.”