ಆ ಮುದುಕಿಗೆ ನೀರು ಕುಡಿಸುವವರು ಯಾರು?

ಟಾಕಿ ಸಿನಿಮಾ ತಯಾರಿಸುವ ಮಹನೀಯರೇ, ನನ್ನ ತಂಗಿ ಶರಣಮ್ಮನ ಓದನ್ನು ನಿಲ್ಲಿಸಿದವರು ನೀವು. ನೀವು ನಮ್ಮ ಊರು ಕೊಹೀರನ್ನು ಕಂಡವರಲ್ಲ, ಶರಣಮ್ಮನ ಹೆಸರು ಕೇಳಿದವರೂ ಅಲ್ಲ. ಆದರೂ ಒಂದೇ ಒಂದು ಹಾಡಿನಿಂದ ಈ ಕೆಲಸ ಸಾಧಿಸಿದಿರಿ. ಈ ಅಪರಾಧದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತೇನೆ.

ನೆರೆಯ ಜಹೀರಾಬಾದಿನಲ್ಲಿ ಟಾಕಿಯ ಡೇರೆ ಹಾಕಿದಾಗ ನಾನು ಹೈದರಾಬಾದಿನಿಂದ ರಜೆಗೆ ಬಂದಿದ್ದೆ. ಪರದೆಯ ಮೇಲಿನವರು ಆಡುವುದು ಉರ್ದು, ಮುಂದೆ ಕುಳಿತ ನಮ್ಮ ಹೆಂಗಸರಿಗೆ ತಿಳಿಯುವುದು ಕನ್ನಡ. ಆದ್ದರಿಂದ ಓದಿದವನೊಬ್ಬ ಹೆಂಗಸರ ಬದಿಯ ಬಟ್ಟೆಯ ಮರೆಯ ಪಕ್ಕ ಕುಳಿತು ಗಟ್ಟಿಯಾಗಿ ಕಥೆ ಹೇಳಬೇಕೆಂಬುದು ಇಲ್ಲಿಯ ರೂಢಿ. ವಿಶ್ವವಿದ್ಯಾಲಯದಲ್ಲಿ ರಸಮೀಮಾಂಸೆ ಓದಿ ಬಂದವನಿಗೆ ಕೊನೆಗೂ ಒಂದು ಪೀಠ ದೊರೆಯಿತೆಂದು ಹಿಗ್ಗಿ ಕುಳಿತೆ.

ಕಥೆ ಚೆನ್ನಾಗಿಯೇ ಹೊರಟಿತು. ಹಳ್ಳಿಗೆ ವಾಂತಿಭೇದಿ ಬಂದಿದೆ. ಒಬ್ಬ ಡಾಕ್ಟರಮ್ಮ ಮದ್ದು ಕೊಡುತ್ತಾಳೆ, ಊರ ಶಾಲೆಯ ಮಾಸ್ತರ ನೀರು ಕಾಯಿಸುತ್ತಾನೆ. ನಮ್ಮವರಿಗೆ ಕಥೆಯಲ್ಲಿ ಯಾರಿಗೆ ಯಾರು ಏನಾಗಬೇಕೆಂದು ತಿಳಿಯದೆ ಮುಂದಿನ ಮಾತು ಕಿವಿಗಿಳಿಯುವುದಿಲ್ಲ. ಬಟ್ಟೆಯ ಆಚೆಯಿಂದ ನಮ್ಮ ಸಂಗಮ್ಮ ಕಾಕಿ ಕೇಳಿದಳು: "ತಮ್ಮಾ, ಅಕಿಗಿ ಅಂವ ಏನಾಗಬೇಕು?"

ಅರ್ಧ ಗಂಟೆಯಿಂದ ಅವರಿಬ್ಬರ ನಡುವೆ ಬಿಸಿನೀರಿನ ಹೊರತು ಬೇರೆ ಮಾತಿರಲಿಲ್ಲ. ಕಾರಣವಿಲ್ಲದೆ ರಸ ಹುಟ್ಟದೆಂದು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದವನು ನಾನು. ಧೈರ್ಯವಾಗಿ ಹೇಳಿದೆ: "ಅಣ್ಣ ಇದ್ದಂಗ, ಕಾಕಿ."

ಮರುಗಳಿಗೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳು ನೀರಿಗೆ ಕೈ ಚಾಚಿದಳು. ಡಾಕ್ಟರಮ್ಮ ಲೋಟ ಕೆಳಗಿಟ್ಟಳು. ಮಾಸ್ತರ ಅವಳ ಕೈ ಹಿಡಿದ. ಇಬ್ಬರೂ ಮಾವಿನ ಮರದಡಿ ನಿಂತು ಹಾಡತೊಡಗಿದರು.

"ಅಯ್ಯ ಶಿವನ! ತಂಗಿ ಕೈ ಹಿಡದು ಇದೇನ್ ಹಾಡೋ!" ಎಂದು ಒಂದು ದನಿ. "ಅದಿರಲಿ, ಆ ಮುದುಕಿಗಿ ನೀರ್ ಕುಡಸೋರು ಯಾರು? ಹಾಡೋದಿದ್ರ ಕುಡಿಸಿ ಹಾಡ್ರಿ!" ಎಂದು ಸಂಗಮ್ಮ ಕಾಕಿ. ಡೇರೆಯೆಲ್ಲ ನಕ್ಕಿತು. ನನ್ನ ಪೀಠ ಉರುಳಿತು.

ನಗದವಳು ಅವ್ವ ಒಬ್ಬಳೇ. ಶರಣಮ್ಮ ಮಿಡಲ್ ಶಾಲೆಯ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆ ಉರ್ದುವಿನಲ್ಲಿ. ನೆರೆಮನೆಯ ಮಾಣಿಕ ದಿನವೂ ಬಂದು ಕಟ್ಟೆಯ ಮೇಲೆ, ಜೋಳ ಹಸನು ಮಾಡುವ ಅವ್ವನ ಎದುರಿಗೇ, ಪಾಠ ಹೇಳುತ್ತಿದ್ದ. ಅವಳನ್ನು ತಂಗಿ ಎಂದೇ ಕರೆಯುತ್ತಿದ್ದ. ಮರುದಿನ ಅವ್ವ ನನಗೆ ಹೇಳಿದಳು: "ಬಿ.ಎ. ಓದಿದಾಂವಗೇ ಅಣ್ಣ ಯಾರು, ಗಂಡ ಯಾರು ತಿಳೀಲಿಲ್ಲ. ನನಗ ಹ್ಯಾಂಗ ತಿಳೀತದ? ಮಾಣಿಕ ಭೀ ಅಕಿಗಿ ತಂಗಿ ಅಂತಾನ. ಸಾಕು, ಪಾಠ ಬ್ಯಾಡ."

ನಾನು ಪ್ರೀತಿಯ ವೈರಿಯಲ್ಲ, ಮಹನೀಯರೇ. ನಮ್ಮ ಬೀಸುಕಲ್ಲಿನ ಹಾಡುಗಳಲ್ಲೂ ಪ್ರೀತಿ ತುಂಬಿದೆ; ಆದರೆ ಅಲ್ಲಿ ಹಾಡಿನ ಜೊತೆಗೆ ಹಿಟ್ಟೂ ಬೀಳುತ್ತಿರುತ್ತದೆ. ನಿಮ್ಮಲ್ಲಿ ಹಾಡು ಬಂದೊಡನೆ ಕಲ್ಲು ನಿಲ್ಲುತ್ತದೆ. ಹಿರಿಯರು ಒಂಬತ್ತು ರಸಗಳನ್ನು ಹೇಳಿದ್ದಾರೆ. ನೀವು ಎಂಟು ಡಬ್ಬಿಗಳ ಮುಚ್ಚಳ ತೆಗೆಯದೆ, ಶೃಂಗಾರವೊಂದನ್ನೇ ಸಾರಿಗೂ ಗಂಜಿಗೂ ಮದ್ದಿಗೂ ಸುರಿಯುತ್ತೀರಿ. ಒಂದು ಗಂಡು ಒಂದು ಹೆಣ್ಣು ಜೊತೆಗೆ ಕೆಲಸ ಮಾಡಿದರೆ ಅದು ಕೆಲಸವಲ್ಲ, ಹಾಡಿಗೆ ಮುನ್ನುಡಿ ಎಂದು ನೀವು ಕಲಿಸಿದ ಪಾಠವನ್ನು ಅವ್ವ ಒಂದೇ ಸಂಜೆಯಲ್ಲಿ ಕಲಿತಳು. ಶರಣಮ್ಮನಿಗೆ ಅಕ್ಷರ ಕಲಿಯಲು ಎರಡು ವರ್ಷ ಹಿಡಿದಿತ್ತು.

ಅವಳು ಅಳಲಿಲ್ಲ. ಪಾಟಿ ಹಿಡಿದು ಬಂದು ಅವ್ವನ ಕಿವಿಗೂ ಬೀಳುವಂತೆ ನನ್ನನ್ನು ಕೇಳಿದಳು: "ಅಣ್ಣಾ, ಆ ಮಾಸ್ತರ ಪೂರಾ ಸಿನಿಮಾದಾಗ ಯಾರಿಗರೆ ಒಂದು ಅಕ್ಷರ ಕಲಿಸ್ದನೇನು? ಮಾಣಿಕಣ್ಣ ದಿನಾ ಕಲಸ್ತಾನ. ಇಬ್ಬರೂ ಒಂದೇ ಹ್ಯಾಂಗ ಆಗ್ತಾರ?"

ವಿಶ್ವವಿದ್ಯಾಲಯದಲ್ಲಿ ನಾನು ಕೇಳಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿರಲಿಲ್ಲ. ಅವ್ವ ಜೋಳದ ಮೊರವನ್ನು ಕೆಳಗಿಟ್ಟಳು. ಆಮೇಲೆ ಅವಳೆಂದಳು: "ಕಲಿಸಿ ಸುಮ್ಮ ತನ್ನ ಮನೀಗಿ ಹೋದ ಗಂಡಸಿಗಿ ಒಂದು ಸಿನಿಮಾದಾಗ ತೋರಸು. ಮರುದಿನಾನೇ ಮಾಣಿಕಗ ನಾನೇ ಕರೀತೀನಿ."

ನನ್ನ ರಜೆ ಮುಗಿಯುತ್ತ ಬಂದಿದೆ. ಪಾಠ ಹೇಳಲು ನಾನಿಲ್ಲಿ ಉಳಿಯಲಾರೆ. ಆದಕಾರಣ ಸವಿನಯವಾಗಿ, ಆದರೆ ಖಚಿತವಾಗಿ ಕೋರುತ್ತೇನೆ. ಆ ಮುದುಕಿಗೆ ನೀರು ಕುಡಿಸಿದವರು ಯಾರೆಂಬುದಕ್ಕೆ ಸಂಗಮ್ಮ ಕಾಕಿಗೆ ಲಿಖಿತ ಉತ್ತರ ಕಳುಹಿಸಿರಿ. ಹಾಗೆಯೇ, ಪಾಠ ಮುಗಿಸಿ ಪುಸ್ತಕ ಮಡಚಿ, ಹಾಡದೆ ತನ್ನ ಮನೆಗೆ ನಡೆದುಹೋಗುವ ಒಬ್ಬ ಮಾಸ್ತರನನ್ನು ಆದಷ್ಟು ಬೇಗ ಜಹೀರಾಬಾದಿನ ಡೇರೆಗೆ ಕಳುಹಿಸಿಕೊಡಬೇಕು. ಈ ಸಲ ಅವನು ಅವಳಿಗೆ ಏನಾಗಬೇಕೆಂದು ಕಾಕಿ ಕೇಳಿದರೆ, ಮಾಸ್ತರ ಎಂದಷ್ಟೇ ಹೇಳುತ್ತೇನೆ. ನನ್ನ ಮಾತು ಸುಳ್ಳಾಗದಂತೆ ನೋಡಿಕೊಳ್ಳುವ ಹೊಣೆ ತಮ್ಮದು.