ಬಸ್ಸಿನ ಮೊದಲ ಮೆಟ್ಟಿಲು

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿದುಕೊಂಡೆ. ಮೂವತ್ತೊಂದು ವರ್ಷ ಶಾಲೆಗಳಲ್ಲಿ ಪಿ.ಟಿ. ಮೇಡಂ ಆಗಿದ್ದವಳು, ನಿವೃತ್ತಿಯಾದ ಮೇಲೂ ಬೆಳಿಗ್ಗೆ ಐದೂವರೆಗೆ ನಡೆಯಲು ಹೊರಡುತ್ತಿದ್ದವಳು, ಆರು ವಾರ ಮಂಚದ ಮೇಲಿದ್ದೆ. ಪಟ್ಟಿ ಬಿಚ್ಚಿದ ದಿನ ನೋಡಿದರೆ ಕಾಲು ಸಣಕಲಾಗಿತ್ತು. ಆದರೆ ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಮಂಗಳವಾರ.

ಮಂಗಳವಾರ ಎಂದರೆ ಅಕ್ಕನ ದಿನ. ನನಗಿಂತ ಆರು ವರ್ಷ ದೊಡ್ಡವಳು, ಐ.ಡಿ.ಹಳ್ಳಿಯಲ್ಲಿದ್ದಾಳೆ. ಬಸ್ಸು ಹತ್ತಿದರೆ ಅವಳಿಗೆ ವಾಂತಿ, ಹಾಗಾಗಿ ಮಧುಗಿರಿಯಿಂದ ನಾನೇ ಹೋಗಬೇಕು. ಒಂಬತ್ತೂಕಾಲರ ಖಾಸಗಿ ಬಸ್ಸಿಗೆ ಹೋಗಿ, ಅವಳ ಜೊತೆ ಕಡಲೆಕಾಯಿ ಬಿಡಿಸುತ್ತ ಕೂತು, ಮುದ್ದೆ ಉಂಡು, ನಾಲ್ಕರ ಬಸ್ಸಿಗೆ ಹಿಂತಿರುಗುತ್ತಿದ್ದೆ. ಕಾಲು ಮುರಿದ ಮೇಲೆ ಮಗ ಎರಡು ಸಲ ಕಾರಿನಲ್ಲಿ ಕರೆದುಕೊಂಡು ಹೋದ. ಅವನು ಜಗಲಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರೆ ನಾವಿಬ್ಬರು ಏನು ಮಾತಾಡುವುದು?

ಇನ್ನು ಬಸ್ಸಿಗೇ ಹೋಗುತ್ತೇನೆ ಎಂದೆ. ಸೊಸೆ ಷರತ್ತು ಹಾಕಿದಳು.

"ಯಾರೂ ಕೈ ಹಿಡೀದೆ ಹತ್ತಿ, ಯಾರೂ ಕೈ ಹಿಡೀದೆ ಇಳಿಯೋ ಹಾಗಿದ್ರೆ ಹೋಗಿ ಅತ್ತೆ. ಇಲ್ಲಾಂದ್ರೆ ಕಾರೇ."

ನ್ಯಾಯವಾದ ಮಾತು. ಮರುದಿನವೇ ದರ್ಜಿ ಟೇಪು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಒಂಬತ್ತೂಕಾಲರ ಬಸ್ಸಿನ ಮೊದಲ ಮೆಟ್ಟಿಲಿಗೆ ಟೇಪು ಇಟ್ಟು ನೋಡುತ್ತಿದ್ದಾಗ ಕಂಡಕ್ಟರು ಬಂದ.

"ಏನ್ ಮೇಡಮ್ಮೋರೇ, ನಮ್ ಬಸ್ಸಿಗೆ ರವಿಕೆ ಹೊಲಿಸ್ಕೊಡ್ತೀರಾ?"

"ಮೊದ್ಲು ಅಳತೆ ಸಿಗಲಿ. ಅಡ್ಡ ಬರಬೇಡ, ಆ ಕಡೆ ನಿಂತ್ಕೊ."

ಹದಿನಾರು ಇಂಚು. ನಮ್ಮ ಹಿತ್ತಿಲ ಜಗಲಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದರ ಮುಂದೆ ಇಟ್ಟಿಗೆ ಜೋಡಿಸಿ ಕಿರುಮೆಟ್ಟಿಲು ಮಾಡಿಕೊಂಡೆ. ಕಿಟಕಿಯ ಸರಳು ಹಿಡಿದು ಹತ್ತುವುದು, ಮನೆಯೊಳಗಿಂದ ಹಾದು ಮುಂಬಾಗಿಲಿಗೆ ಬರುವುದು, ಮಗ ನನಗಾಗಿ ಹಾಕಿಸಿದ್ದ ಸಿಮೆಂಟಿನ ಇಳಿಜಾರಿನಲ್ಲಿ ಕೆಳಗಿಳಿದು ಸುತ್ತಿ ಮತ್ತೆ ಹಿತ್ತಿಲಿಗೆ. ಮೊದಲ ದಿನ ಐದು ಸಲ. ಬೆಳಿಗ್ಗೆ ಗಂಜಿಗೆ ಮೊದಲು, ಸಂಜೆ ದೀಪ ಹಚ್ಚುವ ಮೊದಲು. ಪ್ರತಿದಿನದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ವಾರ ಕಳೆದಂತೆ ಇಟ್ಟಿಗೆಗಳನ್ನು ಕಡಿಮೆ ಮಾಡುತ್ತ ಬಂದೆ. ಮೂರನೆಯ ತಿಂಗಳಿಗೆ ಇಟ್ಟಿಗೆಯೇ ಇಲ್ಲದೆ ನಲವತ್ತು ಸಲ ಹತ್ತುತ್ತಿದ್ದೆ.

ಆಮೇಲಿನ ಮಂಗಳವಾರ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೈ ಚಾಚುವಷ್ಟರಲ್ಲಿ ಮೇಲಿದ್ದೆ. ಕಿಟಕಿ ಪಕ್ಕ ಕೂತು, ಪರೀಕ್ಷೆ ಮುಗಿಯಿತು ಅಂದುಕೊಂಡೆ.

ಐ.ಡಿ.ಹಳ್ಳಿಯಲ್ಲಿ ಬಸ್ಸು ನಿಂತಿತು. ಕೊನೆಯ ಮೆಟ್ಟಿಲಿಗೆ ಬಂದು ಕೆಳಗೆ ನೋಡಿದೆ. ಕಾಲು ಎತ್ತಲಾಗಲಿಲ್ಲ. ಯಾವ ಕಾಲನ್ನು ಮೊದಲು ಇಟ್ಟರೂ ಇನ್ನೊಂದು ಮೊಣಕಾಲು ಇಡೀ ದೇಹದ ಭಾರ ಹೊತ್ತು ಮೆಲ್ಲಗೆ ಬಗ್ಗಬೇಕು. ಆ ಕೆಲಸವನ್ನು ನಾನು ಅವಕ್ಕೆ ಕಲಿಸಿರಲೇ ಇಲ್ಲ. ಅಷ್ಟು ದಿನವೂ ಹತ್ತಿದ್ದೆ, ಒಂದು ಸಲವೂ ಇಳಿದಿರಲಿಲ್ಲ. ಮಕ್ಕಳಿಗೆ ಯಾವ ವ್ಯಾಯಾಮವನ್ನೂ ನಾನು ಹೀಗೆ ಅರ್ಧ ಹೇಳಿಕೊಟ್ಟವಳಲ್ಲ.

"ಬಿರ್‍ರನೆ ಇಳೀರಿ ಮೇಡಮ್ಮೋರೇ. ಇವತ್ತು ಟೇಪ್ ತಂದಿಲ್ವಾ?" ಕಂಡಕ್ಟರು ಕೈ ನೀಡಿದ. ಹಿಡಿದರೆ ಷರತ್ತು ಮುರಿಯುತ್ತದೆ. ಹಿಂದಿನವರು ಗೊಣಗತೊಡಗಿದರು.

ರಸ್ತೆಯಂಚಿನಲ್ಲಿ ಕಾಯುತ್ತಿದ್ದ ಅಕ್ಕ ಗದರಿದಳು.

"ಲೇ, ತಿರುಗ್ಕೊಳ್ಳೇ! ಬೆನ್ನು ಈ ಕಡೆಗೆ ಮಾಡು. ಅಟ್ಟದಿಂದ ಹುಣಸೇಹಣ್ಣು ಇಳ್ಸೋವಾಗ ಏಣೀಲಿ ಹೆಂಗೆ ಇಳೀತಿದ್ವಿ? ಮರ್ತ್‌ಬುಟ್ಟೇನೇ?"

ತಿರುಗಿದೆ. ಬಸ್ಸಿನೊಳಗೆ ಮುಖ ಮಾಡಿ, ಎರಡೂ ಕಂಬಿ ಹಿಡಿದು, ಭಾರವನ್ನು ತೋಳುಗಳ ಮೇಲೆ ಬಿಟ್ಟು ಎಡಗಾಲನ್ನು ಕೆಳಗೆ ಇಳಿಬಿಟ್ಟೆ. ನೆಲ ಸಿಕ್ಕಿತು. ಬಲಗಾಲೂ ಬಂತು. ಆಮೇಲೆ ಎರಡೂ ನಡುಗಿದವು. ಅಕ್ಕ ಮೊಣಕೈ ಹಿಡಿದುಕೊಂಡಳು.

"ಊರ ಮಕ್ಳಿಗೆಲ್ಲ ಕುಣಿಯೋದು ಕಲಿಸ್ದೋಳು, ನೋಡು," ಎಂದು ದಾರಿಯುದ್ದಕ್ಕೂ ನಕ್ಕಳು.

ಸಂಜೆ ಮಧುಗಿರಿಯಲ್ಲೂ ಹಾಗೇ ಬೆನ್ನು ತಿರುಗಿಸಿ ಇಳಿದೆ. ಮನೆಗೆ ಬಂದು ಸೊಸೆಗೆ ನಡೆದದ್ದನ್ನೆಲ್ಲ ಹೇಳಿದೆ, ಅಕ್ಕ ಮೊಣಕೈ ಹಿಡಿದದ್ದನ್ನೂ.

ಅವಳು ಸ್ವಲ್ಪ ಯೋಚಿಸಿದಳು. "ಅದು ನೆಲಕ್ಕೆ ಬಂದ್ಮೇಲೆ ತಾನೇ? ಅದು ಲೆಕ್ಕಕ್ಕೆ ಸೇರಲ್ಲ ಬಿಡಿ. ಆದ್ರೆ ಈಗ ನನ್ನೆದುರಿಗೆ ಜಗಲಿಯಿಂದ ಇಳಿದು ತೋರ್ಸಿ."

ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ನಾನು ಮಕ್ಕಳನ್ನು ನೋಡುತ್ತಿದ್ದ ಹಾಗೆಯೇ ನೋಡಿದಳು. "ಎಡಮಂಡಿ ಒಳಗಡೆ ಹೋಗ್ತಿದೆ ಅತ್ತೆ, ನೆಟ್ಟಗಿಡಿ."

ಮರುದಿನ ಬೆಳಿಗ್ಗೆ ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಹತ್ತಿದ್ದು, ಬಲಕ್ಕೆ ಇಳಿದದ್ದು. ಇಟ್ಟಿಗೆಗಳನ್ನು ಮತ್ತೆ ತಂದು ಜೋಡಿಸಿದೆ. ಹತ್ತಿದ್ದು ನಲವತ್ತು, ಇಳಿದದ್ದು ನಾಲ್ಕು.

ಮುಂದಿನ ಮಂಗಳವಾರ ನಾನು ಬಸ್ಸಿಗೆ ಹೊರಟಾಗ ಸೊಸೆ ಅಡುಗೆಮನೆಯಿಂದಲೇ "ಹೋಗಿ ಬನ್ನಿ ಅತ್ತೆ" ಎಂದಳು. ಹೋದ ವಾರ ಗೇಟಿನವರೆಗೂ ಬಂದಿದ್ದವಳು ಈ ಸಲ ಬರಲಿಲ್ಲ.